ಅಪ್‌ಡೇಟ್: ಬೈಬಲ್ ಓದು ತಿಂಗಳಿಗೇ ನಿಲ್ಲುವುದು ಯಾಕೆ

ಬೈಬಲ್ ಓದು ಪ್ರತಿ ಸಲ ಒಂದೇ ತಿಂಗಳಿಗೆ ಯಾಕೆ ನಿಂತುಹೋಗುತ್ತದೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆ, ಕಾರಣ ಲೆಕ್ಕದಲ್ಲೇ ಇತ್ತು. ಒಟ್ಟು 1,189 ಅಧ್ಯಾಯ. ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಕು. ದಿನಕ್ಕೆ ಮೂರರಂತೆ ಮೊದಲ ಎರಡು ಪುಸ್ತಕಗಳಾದ ಆದಿಕಾಂಡದ 50, ವಿಮೋಚನಕಾಂಡದ 40 ಮುಗಿದು 31ನೇ ದಿನ ಮೂರನೆಯದಾದ ಯಾಜಕಕಾಂಡದ ಬಲಿಗಳ ನಿಯಮ ಎದುರಾಗುತ್ತದೆ. ಅಲ್ಲಿ ಎಡವಿದರೆ ಬಾಕಿ ಬೆಳೆಯುತ್ತದೆ, ಓದು ಸಾಲದಂತೆ ಭಾರವಾಗುತ್ತದೆ, ಪ್ರಾರ್ಥನೆಯೂ ಜಾರುತ್ತದೆ.

ಈಗ ಹಿಡಿದಿರುವುದು ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಮಾರ್ಕನ ಸುವಾರ್ತೆ: 16 ಅಧ್ಯಾಯ, ದಿನಕ್ಕೆ ಅರ್ಧ, 32 ದಿನ. ಮೊಬೈಲ್ ಮುಟ್ಟುವ ಮೊದಲೇ ಎರಡು ಸಲ ಓದು, ಎರಡನೆಯದು ಗಟ್ಟಿಯಾಗಿ. ಮನಸ್ಸಿಗೆ ನಾಟಿದ ಒಂದು ವಚನ ಕೈಯಲ್ಲೇ ಬರೆದು, ಅದರ ಮಾತುಗಳಲ್ಲೇ ಪ್ರಾರ್ಥನೆ. ಮಾರ್ಕನ 1ನೇ ಅಧ್ಯಾಯದ 35ನೇ ವಚನದಲ್ಲಿ ಯೇಸು ಇನ್ನೂ ಕತ್ತಲಿರುವಾಗ ಎದ್ದು ಪ್ರಾರ್ಥನೆಗೆ ಹೋದದ್ದು ಬಾಗಿಲ ಮುಂದೆ ಊರೇ ನೆರೆದಿದ್ದ ಸಂಜೆಯ ಮರುದಿನ! ಒಂದು ದಿನ ತಪ್ಪಿದರೆ ಮರುದಿನ ಎರಡು ಪಾಲು ಬೇಡ, ನಿಂತಲ್ಲಿಂದಲೇ ಅರ್ಧ ಅಧ್ಯಾಯ.