ಭಾವ, ಹೊಸ ಬ್ಯಾಟ್ರಿ ಈಗ್ಲೇ ತಗೋಬೇಡಿ

ಭಾವ, ನಿಮ್ ಮೆಸೇಜ್ ಈಗ ನೋಡ್ದೆ. ಕುವೆಂಪುನಗರದ್ ಮನೆ ಮುಂದೆ ಕಾರ್ ನಿಲ್ಸಿ ವಾರ ಮಂಡ್ಯದಲ್ಲಿದ್ದು ವಾಪಸ್ ಹೋದ್ರೆ ಸೆಲ್ಫ್ ಬರೀ ಟಕ್ ಟಕ್ ಅಂತೈತೆ, ಗ್ಯಾರೇಜ್ನೋನು ಬ್ಯಾಟ್ರಿ ಹೋಗೈತೆ ಹೊಸದ್ ಹಾಕ್ಸಿ ಅಂದ ಅಂತ ಬರ್ದಿದ್ದೀರಿ. ಹೋದ್ ವರ್ಷ ತಾನೇ ಹೊಸದ್ ಹಾಕ್ಸಿದ್ದು? ತೂತಿರೋ ಕೊಡಕ್ಕೆ ಮತ್ತೆ ಮತ್ತೆ ನೀರ್ ತುಂಬ್ದಂಗಾಯ್ತದೆ, ಮೊದ್ಲು ಕರೆಂಟ್ ಎಲ್ಲಿ ಸೋರ್ತಾ ಐತೆ ನೋಡಣ.

ಫುಲ್ ಚಾರ್ಜ್ ಮಾಡ್ಸಿ, ಮೈನಸ್ ಟರ್ಮಿನಲ್ ಬಿಚ್ಚಿ ಎರಡ್ ಮೂರ್ ದಿನ ಹಂಗೇ ಬಿಡಿ. ಆಮೇಲೂ ಮಲ್ಟಿಮೀಟರ್ನಲ್ಲಿ (ವೋಲ್ಟ್, ಕರೆಂಟ್ ಅಳೆಯೋ ಮೀಟರ್) 12.6 ವೋಲ್ಟ್ ಹತ್ರ ತೋರ್ಸುದ್ರೆ ಬ್ಯಾಟ್ರಿ ಪಾಪ ಸರಿಯಾಗೇ ಐತೆ, ಕಾರೇ ಕುಡೀತಾ ಐತೆ ಅಂತ. ಸುಮ್ನಿದ್ದಿದ್ದೂ 12 ಕ್ಕೆ ಇಳುದ್ರೆ ಗ್ಯಾರೇಜ್ನೋನ್ ಮಾತೇ ಸರಿ.

ನಂಗೆ ಅನುಮಾನ ಇರೋದು ನೀವ್ ಮೊನ್ನೆ ಹಾಕ್ಸಿದ್ ಡ್ಯಾಶ್‌ಕ್ಯಾಮ್ ಮೇಲೆ. ಪಾರ್ಕಿಂಗ್ ಮೋಡ್, ಅಂದ್ರೆ ಕಾರ್ ನಿಂತಿದ್ರೂ ವಿಡಿಯೋ ತೆಗ್ಯೋದು, ಅದಿರೋ ಕ್ಯಾಮೆರಾನ ಕೀ ತೆಗುದ್ರೂ ಕರೆಂಟ್ ಬರೋ ಫ್ಯೂಸ್ಗೇ ಕೊಟ್ಟಿರ್ತಾರೆ. ಲೆಕ್ಕ ನೋಡಿ, ನಿಂತಿರೋ ಕಾರ್ 50 ಮಿಲಿಆಂಪ್ ಒಳಗೆ ಎಳುದ್ರೆ ಮಾಮೂಲಿ, ದಿನಕ್ಕೆ 1.2 ಎಎಚ್ (ಆಂಪ್-ಅವರ್, ಆಂಪ್ನ ಗಂಟೆಯಿಂದ ಗುಣ್ಸಿದ್ದು) ಅಷ್ಟೇ, 45 ಎಎಚ್ ಬ್ಯಾಟ್ರಿ ತಿಂಗಳ್ ತಡೀತದೆ. ಅದೇ 300 ಮಿಲಿಆಂಪ್ ಎಳುದ್ರೆ ದಿನಕ್ಕೆ 7.2 ಹೋಗ್ತದೆ, ವಾರ ಎಲ್ಲಿ ಬಂತು? ಜೊತೆಗೆ ನೀವು ದೇವರಾಜ ಮಾರ್ಕೆಟ್ಗೆ ಹೋಗ್ ಬರೋದ್ ಬಿಟ್ರೆ ಕಾರ್ ತೆಗ್ಯಲ್ಲ, ಅಷ್ಟ್ರಲ್ಲಿ ಇಂಜಿನ್ ಓಡುವಾಗ ಬ್ಯಾಟ್ರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ತಾನೇ ಎಷ್ಟ್ ತುಂಬ್ಸುತ್ತೆ ಹೇಳಿ.

ಮೀಟರ್ ನನ್ ಹತ್ರ ಐತೆ, ತಮ್ಮನ್ ಕೈಲಿ ಕಳುಸ್ತೀನಿ. ಕೆಂಪ್ ವೈರ್ನ 10ಎ ಅಂತ ಬರ್ದಿರೋ ತೂತ್ಗೆ ಹಾಕಿ, ಮೈನಸ್ ಕೇಬಲ್ ಬಿಚ್ಚಿ ಆ ಕೇಬಲ್ಗೂ ಬ್ಯಾಟ್ರಿ ಮೈನಸ್ಗೂ ಮಧ್ಯೆ ಮೀಟರ್ ಸೇರ್ಸಿ. ಹಂಗ್ ಹಾಕಿರುವಾಗ ಕೀ ಮಾತ್ರ ತಿರುಗ್ಸಬೇಡಿ ಭಾವ, ಮೀಟರ್ ಒಳ್ಗಿನ್ ಫ್ಯೂಸ್ ಹೋಗ್ಬುಡ್ತದೆ, ಆಮೇಲೆ ನಾನ್ ಬಯ್ಬೇಕಾಗ್ತದೆ! ಕೀನ ಒಳ್ಗೆ ಅಕ್ಕನ್ ಹತ್ರ ಕೊಟ್ಬುಡಿ, ಕಾರ್ ಪಕ್ಕ ಇದ್ರೆ ಕೆಲವ್ ಕಾರ್ ಒಳ್ಗಿನ್ ಕಂಪ್ಯೂಟರ್ ಮಲಗ್ದೆ ಎದ್ದೇ ಇರ್ತವೆ. ಫ್ಯೂಸ್ ಬಾಕ್ಸ್ಗೆ ಕೈ ಹಾಕಕ್ಕೆ ಬಾಗ್ಲು ತೆಗ್ದಿಡ್ಬೇಕು ತಾನೇ, ಆಗ ಬಾಗ್ಲ ಅಂಚಲ್ಲಿರೋ ಲಾಕ್ ಕೊಕ್ಕೆನ ಸ್ಕ್ರೂಡ್ರೈವರ್ನಲ್ಲಿ ಕಟ್ ಕಟ್ ಅಂತ ಎರಡ್ ಸಲ ಒಳ್ಗೆ ತಳ್ಳಿ, ಬಾಗ್ಲು ಮುಚ್ಚೈತೆ ಅಂದ್ಕೊಂಡು ಒಳ್ಗಿನ್ ಲೈಟ್ ಆರ್ತದೆ. ಮುಗ್ದ್ ಮೇಲೆ ಹ್ಯಾಂಡಲ್ ಎಳ್ದು ಕೊಕ್ಕೆ ಬಿಡ್ಸಿ, ಇಲ್ಲಾಂದ್ರೆ ಬಾಗ್ಲು ಮುಚ್ಚಕ್ಕಾಗಲ್ಲ.

ಮೊದ್ಲಿಗೆ ಮೀಟರ್ ಜಾಸ್ತಿ ತೋರ್ಸುತ್ತೆ, ಗಾಬ್ರಿ ಬೀಳ್ಬೇಡಿ, ಕಾಫಿ ಕುಡ್ದು ಪೇಪರ್ ಓದಿ ಅರ್ಧ ಮುಕ್ಕಾಲ್ ಗಂಟೆ ಬಿಟ್ಟು ನೋಡಿ, ಅಷ್ಟ್ರಲ್ಲಿ ಕಾರ್ ಮಲ್ಗಿರ್ತದೆ. ಆಮೇಲೂ 0.05 ಆಂಪ್ಗಿಂತ (ಅದೇ 50 ಮಿಲಿಆಂಪ್) ತುಂಬಾ ಮೇಲಿದ್ರೆ ಒಂದೊಂದೇ ಫ್ಯೂಸ್ ಕಿತ್ತು ಮೀಟರ್ ನೋಡ್ತಾ ಹೋಗಿ, ಮೊದ್ಲು ಡ್ಯಾಶ್‌ಕ್ಯಾಮ್ದೇ. ಯಾವ್ದನ್ ಕಿತ್ರೆ ಧಡಕ್ಕಂತ ಇಳೀತದೋ ಕಳ್ಳ ಆ ಲೈನಲ್ಲೇ ಅವ್ನೆ. ಡಿಕ್ಕಿ ಲೈಟು, ಗ್ಲೋವ್ ಬಾಕ್ಸ್ ಲೈಟು, ಹೊರ್ಗಡೆ ಹಾಕ್ಸಿದ್ ಸ್ಟೀರಿಯೋ ಇವೂ ಇದೇ ಕೆಲ್ಸ ಮಾಡೋವು.

ಎಲ್ಲಾ ಫ್ಯೂಸ್ ಕಿತ್ರೂ ಇಳೀಲಿಲ್ಲ ಅಂದ್ರೆ ಆಲ್ಟರ್ನೇಟರ್ ಒಳ್ಗಿನ್ ಡಯೋಡ್ (ಕರೆಂಟ್ನ ಒಂದೇ ಕಡೆಗೆ ಬಿಡೋ ಭಾಗ) ಹೋಗಿರ್ಬೋದು, ಅದು ನಮ್ ಕೈಲಿ ಆಗೋದಲ್ಲ, ಆಟೋ ಎಲೆಕ್ಟ್ರಿಷಿಯನ್ಗೇ ತೋರ್ಸಿ, ಮೀಟರ್ ಎಷ್ಟ್ ತೋರ್ಸ್ತು ಅಂತ ಬರ್ಕೊಂಡ್ ಹೋಗಿ ಅವ್ನಿಗ್ ಕೊಡಿ.