ಕಿಚನ್ ಕ್ಯಾಬಿನೆಟ್‌ಗೆ ಪಾಕೆಟ್ ಹೋಲ್ ಜಿಗ್: ಯಾವುದು ತಗೊಳ್ಳಲಿ?

ಹಾಸನದವ: ಅಡುಗೆಮನೆಯ ಕೆಳಗಿನ ಕ್ಯಾಬಿನೆಟ್‌ಗಳನ್ನು 18 ಎಂಎಂ ಪ್ಲೈವುಡ್‌ನಲ್ಲಿ ನಾನೇ ಮಾಡಬೇಕು ಅಂತಿದ್ದೇನೆ. ಓರೆಯಾಗಿ ತೂತು ಕೊರೆದು ಸ್ಕ್ರೂ ಹಾಕಿ ಹಲಗೆ ಜೋಡಿಸೋಕೆ ಈ ಜಿಗ್ ಬೇಕು. ಕ್ರೆಗ್ ಕಂಪನಿಯ ಚಿಕ್ಕ 320 ಸಾಕಾ, ದೊಡ್ಡ 720ಕ್ಕೇ ಹೋಗಲಾ, ಇಲ್ಲ ಆನ್‌ಲೈನಲ್ಲಿ ಸಿಗುವ ಹೆಸರಿಲ್ಲದ ಕಿಟ್ ಆಗುತ್ತಾ? ಬಳಸಿದವರು ಹೇಳಿ.

ತುಮಕೂರು ಗ್ಯಾರೇಜ್: ಹೆಸರಿಲ್ಲದ ಕಿಟ್ ಕಥೆ ನನ್ನ ಹತ್ತಿರ ಕೇಳಿ. ಕಿಟ್‌ಗೆ 1,190 ರೂಪಾಯಿ. ಒಂದು ವಾರ್ಡ್‌ರೋಬ್ ಮುಗಿಯುವ ಮೊದಲೇ ಡ್ರಿಲ್ ಬಿಟ್ ಮೊಂಡಾಯ್ತು. ಕೊರೆದರೆ ಹೊಗೆ, ತೂತಿನ ಬಾಯಲ್ಲಿ ಪದರ ಕಿತ್ತು ಬರುತ್ತಿತ್ತು. ಹೊಸ ಬಿಟ್ 450. ಜೊತೆಗೆ ಕೊಟ್ಟ ಸ್ಕ್ರೂಗಳ ತಲೆ ತಿರುಚಿಕೊಂಡವು. ವಾಷರ್ ತಲೆಯ 32 ಎಂಎಂ ಸ್ಕ್ರೂ ತರಿಸಿದೆ, ಕೊರಿಯರ್ ಸೇರಿ 780. ಬಿಟ್ ಕೂರುವ ಉಕ್ಕಿನ ಬುಷ್ ಸಡಿಲವಾದ ಮೇಲೆ ತೂತಿನ ಓರೆ 15 ಡಿಗ್ರಿ ಅನ್ನುವುದು ಹೆಸರಿಗೆ ಮಾತ್ರ. ಒಂದು ಸ್ಕ್ರೂ ಮೈಕಾ ಕಡೆ ಮೊಡವೆ ಹಾಗೆ ಉಬ್ಬಿತು. ಆ ಶೀಟ್ 1,650. ಮಾರಿದವನು ರಿಟರ್ನ್ ಅವಧಿ ಮುಗಿದಿದೆ ಅಂತ ಕೈ ತೊಳೆದುಕೊಂಡ. ಲೆಕ್ಕ ನೀವೇ ಹಾಕಿ.

ಮೈಸೂರು ಮರ: ಕಾಸಿಗೆ ತಕ್ಕ ಕಜ್ಜಾಯ, ಅಲ್ವಾ ಸಾರ್. ನಾನು 720 ತಗೊಂಡೆ. ಲಿವರ್ ಎಳೆದರೆ ಹಲಗೆಯ ದಪ್ಪಕ್ಕೆ ತಕ್ಕಂತೆ ಕ್ಲಾಂಪ್ ತಾನೇ ಹಿಡಿಯುತ್ತದೆ. ವ್ಯಾಕ್ಯೂಮ್ ಪೈಪ್ ಸಿಕ್ಕಿಸಿದರೆ ಪುಡಿಯ ಕಾಟವೂ ಇಲ್ಲ. ಶೂ ರ‍್ಯಾಕ್, ಟಿವಿ ಯೂನಿಟ್, ಅತ್ತೆಯವರ ಮನೆಯ ಕಪಾಟು ಎಲ್ಲ ಅದರಲ್ಲೇ ಆಯ್ತು. 320 ಅಂದರೆ ಸುಮ್ನೆ ಕ್ಲಾಂಪ್ ಬಿಚ್ಚು, ಕಟ್ಟು, ಬಿಚ್ಚು, ಕಟ್ಟು. ಶತ್ರುವಿಗೂ ಬೇಡ.

ಬಳ್ಳಾರಿ ಭಾನುವಾರ: ಆ ಶತ್ರು ನಾನೇ. ಇಡೀ ಅಡುಗೆಮನೆ 320ರಲ್ಲೇ ಮಾಡಿದ್ದೇನೆ. ಗೋಡೆಗೆ ಕೂರಿಸಿದ ಡಬ್ಬದ ಒಳಗೆ ನಿಮ್ಮ 720 ಹಿಡಿದುಕೊಂಡು ನುಗ್ಗಿ ನೋಡೋಣ. ನನ್ನನ್ನು ಸತಾಯಿಸಿದ್ದು ಜಿಗ್ ಅಲ್ಲ. ಸ್ಕ್ರೂ ಓರೆಯಾಗಿ ಹೋಗುವಾಗ ಹಲಗೆಯನ್ನು ತಳ್ಳುತ್ತದೆ. ಒಂದು ಎಂಎಂ ಜಾರಿದರೂ ಡ್ರಾಯರ್ ಚಾನೆಲ್ ಕಚ್ಚಿಕೊಳ್ಳುತ್ತದೆ. ಮಿಕ್ಕ ದುಡ್ಡನ್ನು ಒಳ್ಳೆ ಕ್ಲಾಂಪ್‌ಗೆ ಹಾಕಿ.

ಶಿವಮೊಗ್ಗ ಆಚಾರಿ: ಅಪ್ಪನ ಕಾಲದಿಂದ ಇದೇ ಕಸುಬು ನಮ್ಮದು. ಈ ಜಿಗ್ ಹೆಚ್ಚು ಕೆಲಸಕ್ಕೆ ಬರುವುದು ಅಮೆರಿಕದವರ ಫೇಸ್ ಫ್ರೇಮ್ ಕ್ಯಾಬಿನೆಟ್‌ಗೆ, ಮುಂದಿನ ಚೌಕಟ್ಟಿನ ಪಟ್ಟಿ ಜೋಡಿಸೋಕೆ. ನಮ್ಮದು ಬರೀ ಡಬ್ಬ. ಫೆವಿಕಾಲ್ ಹಚ್ಚಿ, ಪಕ್ಕದ ಹಲಗೆಗೆ ಹೊರಗಿನಿಂದ ನೇರ ಸ್ಕ್ರೂ, ಮೇಲೆ ಮೈಕಾ. ಯಾರಿಗೆ ಕಾಣುತ್ತೆ?

ಮೈಸೂರು ಮರ: ಕಾರ್ಖಾನೆಯಲ್ಲೇ ಮೇಲ್ಪದರ ಅಂಟಿಸಿ ಬರುವ ಪ್ರಿಲ್ಯಾಮ್ ಬೋರ್ಡಿಗೂ ಹೊರಗಿನಿಂದಲೇ ಹೊಡೀತೀರಾ ಆಚಾರ್ರೇ? ಆಮೇಲೆ ಅಂಟಿಸಿದ ಮೈಕಾ ಮೂಲೆಯಲ್ಲಿ ಬಾಯಿ ಬಿಟ್ಟಿದ್ದು ನಮ್ಮ ಮನೆಯಲ್ಲೇ ಇದೆ.

ಶಿವಮೊಗ್ಗ ಆಚಾರಿ: ಸಿಂಕ್ ಕೆಳಗೆ ನೀರು ತಡೆಯುವ ಐಎಸ್ 710 ಪ್ಲೈವುಡ್ ಹಾಕಿ ಅಂತ ಬಾಯಿ ಬಡ್ಕೋತೀವಿ. ಉಳಿತಾಯ ಅಂತ ಸಾಮಾನ್ಯ ದರ್ಜೆಯ 303 ತಂದು ಕೊಡ್ತೀರಿ. ನೀರು ಕುಡಿದು ಊದಿಕೊಂಡರೆ ಬೈಗುಳ ಬಡಗಿಗೆ.

ತುಮಕೂರು ಗ್ಯಾರೇಜ್: 710ರ ಮಾತೇ ಎತ್ತಬೇಡಿ. ಐಎಸ್‌ಐ ಸೀಲ್ ಇದ್ದ ಹಲಗೆಯನ್ನೇ ಕ್ಯಾಲಿಪರ್‌ನಲ್ಲಿ ಅಳೆದಿದ್ದೇನೆ. 18 ಅಂತ ಕೊಟ್ಟದ್ದು 16.8 ಇತ್ತು. ಸ್ಕ್ರೂ ಮೈಕಾ ಕಡೆ ಬಂದಿದ್ದು ಅದಕ್ಕೇ.

ಮೈಸೂರು ಮರ: ಹಾಗಾದ್ರೆ ಅಷ್ಟು ಹೊತ್ತು ಜಿಗ್‌ಗೆ ಯಾಕೆ ಬೈದಿರಿ?

ತುಮಕೂರು ಗ್ಯಾರೇಜ್: ಬಿಟ್‌ಗೆ. ಆ 450 ನೀವು ಕೊಡ್ತೀರಾ?