ಬಿತ್ತಿ ಉಳಿದ ಗುಲಾಬಿ ಬಣ್ಣದ ಬೀಜವನ್ನು ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾವು ಹಾವೇರಿ ಜಿಲ್ಲೆಯವರು. ಗೋವಿನಜೋಳ (ಮೆಕ್ಕೆಜೋಳ) ಬಿತ್ತಿದ ಮೇಲೆ ಔಷಧಿ ಲೇಪಿಸಿದ ಗುಲಾಬಿ ಬಣ್ಣದ ಬೀಜ ಸ್ವಲ್ಪ ಉಳಿದಿದೆ. ಚೆನ್ನಾಗಿ ತೊಳೆದು ಕೋಳಿಗಳಿಗೆ ಹಾಕಬಹುದೇ? ಇಲ್ಲವಾದರೆ ತಿಪ್ಪೆಯಲ್ಲಿ ಕೊಳೆಸಿ ಗೊಬ್ಬರ ಮಾಡಬಹುದೇ?

ಉತ್ತರ (ಕೃಷಿ ತಜ್ಞರು): ನಮಸ್ಕಾರ. ದಯವಿಟ್ಟು ಎರಡನ್ನೂ ಮಾಡಬೇಡಿ. ನಮ್ಮ ದೇಶದಲ್ಲಿ 2018ರಲ್ಲಿ ಶಿವಮೊಗ್ಗದಲ್ಲಿ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿನ ಕಾಟ ತಡೆಯಲು ಗೋವಿನಜೋಳದ ಬೀಜಕ್ಕೆ ಸಯಾಂಟ್ರಾನಿಲಿಪ್ರೋಲ್ ಮತ್ತು ಥಯಾಮೆಥಾಕ್ಸಾಮ್ ಎಂಬ ಕೀಟನಾಶಕಗಳನ್ನು ಲೇಪಿಸುವುದು ಈಗ ರೂಢಿಯಲ್ಲಿದೆ. ಬಣ್ಣ ಹಾಕುವುದು ಇದು ತಿನ್ನುವ ಕಾಳಲ್ಲವೆಂದು ಗೊತ್ತಾಗಲಿ ಎಂದು. ತೊಳೆದರೆ ಬಣ್ಣ ಹೋದೀತು, ಆದರೆ ವಿಷ ಪೂರ್ತಿಯಾಗಿ ಹೋಗುವುದಿಲ್ಲ. ತೊಳೆದ ನೀರಂತೂ ಬಚ್ಚಲಿನಿಂದ ಹಳ್ಳ ಸೇರುತ್ತದೆ.

ಇನ್ನು ತಿಪ್ಪೆಯ ಮಾತು. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಮೀಡ್ ಎಂಬ ಊರಿನಲ್ಲಿ ಆಲ್ಟೆನ್ ಎಂಬ ಕಾರ್ಖಾನೆಯು ಬೀಜ ಕಂಪನಿಗಳಲ್ಲಿ ಮಾರಾಟವಾಗದೆ ಉಳಿದ ಇಂಥದೇ ಬೀಜಗಳಿಂದ ಎಥನಾಲ್ ತಯಾರಿಸುತ್ತಿತ್ತು. ಹುದುಗು ಬರಿಸಿ ಭಟ್ಟಿ ಇಳಿಸಿದರೂ ಕೀಟನಾಶಕ ನಾಶವಾಗದೆ ಹಿಂಡಿಯಲ್ಲಿಯೇ ಉಳಿಯಿತು. ದನಕ್ಕೆ ಹಾಕಲು ಬಾರದ ಆ ಹಿಂಡಿಯನ್ನು ಹೊಲಗಳಿಗೆ ಗೊಬ್ಬರದಂತೆ ಕೊಡುತ್ತಿದ್ದುದನ್ನು ರಾಜ್ಯದ ಕೃಷಿ ಇಲಾಖೆ 2019ರಲ್ಲಿ ನಿಲ್ಲಿಸಿದ ಮೇಲೆ ಅದು ಕಾರ್ಖಾನೆಯ ಆವರಣದಲ್ಲಿ ರಾಶಿ ಬಿದ್ದು ನಾರತೊಡಗಿತು. ಸಮೀಪದ ವಿಶ್ವವಿದ್ಯಾಲಯದ ಜಮೀನಿನಲ್ಲಿದ್ದ ಜೇನು ಕುಟುಂಬಗಳು ಸತ್ತವು. 2021ರ ಫೆಬ್ರವರಿಯಲ್ಲಿ ಸರ್ಕಾರ ಕಾರ್ಖಾನೆಯನ್ನು ಮುಚ್ಚಿಸಿದ ಕೆಲವೇ ದಿನಗಳಲ್ಲಿ ಕೊರೆಯುವ ಚಳಿಗೆ ಪೈಪ್ ಒಡೆದು, ಕಲುಷಿತ ನೀರು ಕಾಲುವೆಗಳಲ್ಲಿ ಮೈಲಿಗಟ್ಟಲೆ ಹರಿಯಿತು. ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಕೊಳೆತು ಹೋಗದ ವಿಷ ನಿಮ್ಮ ತಿಪ್ಪೆಯಲ್ಲಿ ಕೊಳೆತು ಹೋಗುತ್ತದೆಂದು ನಂಬಿ ಆ ಗೊಬ್ಬರವನ್ನು ತರಕಾರಿ ಮಡಿಗೆ ಹಾಕಿ ಎಂದು ನಾನು ಹೇಳಲಾರೆ.

ಮರುಪ್ರಶ್ನೆ: ಪಕ್ಕದ ಹೊಲದಲ್ಲಿ ಜೇನುಪೆಟ್ಟಿಗೆಗಳಿವೆ ಸರ್. ಬರೀ ಬಿತ್ತನೆಯಿಂದಲೂ ಅವಕ್ಕೆ ತೊಂದರೆಯೇ?

ಉತ್ತರ: ಆಗಬಹುದು. 2008ರ ವಸಂತದಲ್ಲಿ ಜರ್ಮನಿಯ ರೈನ್ ಕಣಿವೆಯಲ್ಲಿ ಕ್ಲೋಥಿಯಾನಿಡಿನ್ ಎಂಬ ಕೀಟನಾಶಕ ಲೇಪಿಸಿದ ಮೆಕ್ಕೆಜೋಳ ಬಿತ್ತುವಾಗ, ಲೇಪನ ಬೀಜಕ್ಕೆ ಸರಿಯಾಗಿ ಅಂಟಿಕೊಂಡಿರಲಿಲ್ಲ. ಗಾಳಿಯ ಒತ್ತಡದಿಂದ ಕೆಲಸ ಮಾಡುವ ಬಿತ್ತನೆ ಯಂತ್ರಗಳು ಅದರ ದೂಳನ್ನು ಹೊರಗೆ ಊದಿದವು. ದೂಳು ಅಕ್ಕಪಕ್ಕದ ಹೂಗಳ ಮೇಲೆ ಕೂತು 11,000ಕ್ಕೂ ಹೆಚ್ಚು ಜೇನು ಕುಟುಂಬಗಳಿಗೆ ಹಾನಿಯಾಯಿತು. ಎತ್ತಿನ ಕೂರಿಗೆಯಲ್ಲಿ ಈ ಭಯ ಕಡಿಮೆ. ಆದರೂ ಪ್ಯಾಕೆಟ್‌ನ ತಳದಲ್ಲಿ ಉಳಿಯುವ ಬಣ್ಣದ ಪುಡಿಯನ್ನು ಯಂತ್ರಕ್ಕೆ ಸುರಿಯಬೇಡಿ, ಗಾಳಿ ಬಲವಾಗಿ ಬೀಸುವಾಗ ಬಿತ್ತಬೇಡಿ.

ಇದಕ್ಕಿಂತ ನನಗೆ ಹೆಚ್ಚು ಕಳವಳ ಹೊಲದ ಅಂಚಿನದು. ಕೂರಿಗೆ ತಿರುಗಿಸುವಲ್ಲಿ ಚೆಲ್ಲಿದ ಕಾಳು ಮೇಲೆಯೇ ಬಿದ್ದಿರುತ್ತದೆ. ಇಂಥ ಔಷಧಿ ಹೆಚ್ಚಾಗಿರುವ ಒಂದೇ ಕಾಳು ಸಣ್ಣ ಹಕ್ಕಿಯ ಜೀವ ತೆಗೆಯಬಲ್ಲದು. ಚೆಲ್ಲಿದ ಕಾಳನ್ನು ಅಂದೇ ಮಣ್ಣಿನಲ್ಲಿ ಮುಚ್ಚಿ. ಉಳಿದ ಬೀಜವನ್ನು ಕೈಗವಸು ಹಾಕಿಕೊಂಡು ಹುಸಿ ಬಿದ್ದ (ಬೀಜ ಮೊಳೆಯದ) ಕಡೆ ನಾಟಿ ಮಾಡಿ. ಮತ್ತೂ ಮಿಕ್ಕರೆ ಅದೇ ಪ್ಯಾಕೆಟ್‌ನಲ್ಲಿಟ್ಟು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ, ಮಾರಿದ ಅಂಗಡಿಯವರು ಹಿಂದಕ್ಕೆ ಪಡೆಯುವರೇ ಎಂದು ವಿಚಾರಿಸಿ. ಖಾಲಿ ಚೀಲದಲ್ಲಿ ಮನೆಯ ಕಾಳು ತುಂಬಬೇಡಿ.